ಪರವಾನಗಿ ಬಂದೂಕಿನ ಪೋಷಣೆ: ಕೀಲೆಣ್ಣೆ ಮತ್ತು ಗ್ರೀಸ್‌ಗಳ ಆಯ್ಕೆ

ಚಿನ್ನಾಭರಣದ ಅಂಗಡಿ, ಪೆಟ್ರೋಲ್ ಬಂಕ್, ಮಾವು ಮತ್ತು ಟೊಮೆಟೊ ಮಂಡಿ, ಕಾರ್ಖಾನೆಯ ನಗದು ಕೋಣೆ ಮುಂತಾದೆಡೆ ಹಣದ ಓಡಾಟ ಹೆಚ್ಚು. ಇಂತಹ ವಹಿವಾಟು ನಡೆಸುವ ಕೆಲವು ಮಾಲೀಕರು ಆತ್ಮರಕ್ಷಣೆಗೆಂದು ಪರವಾನಗಿ ಪಡೆದು 12 ಬೋರಿನ ಬಂದೂಕನ್ನೋ .32 ರಿವಾಲ್ವರನ್ನೋ ಇಟ್ಟುಕೊಂಡಿರುತ್ತಾರೆ. ಇನ್ನು ಕೆಲವರು ಸಂಸ್ಥೆಯ ಕಾವಲುಗಾರನ ಕೈಯಲ್ಲಿ ಬಂದೂಕನ್ನು ಕೊಟ್ಟಿರುತ್ತಾರೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೋಟದ ಮಾಲೀಕರಲ್ಲಿ ಬೆಳೆರಕ್ಷಣೆಯ ಕೋವಿಯನ್ನು ತಂದೆಯ ಕಾಲದಿಂದ ಉಳಿಸಿಕೊಂಡು ಬಂದವರೂ ಉಂಟು. ಪರವಾನಗಿ ಪಡೆಯಲು ಪಟ್ಟ ಶ್ರಮವನ್ನು ಎಲ್ಲರೂ ನೆನಪಿಟ್ಟಿರುತ್ತಾರೆ. ಆದರೆ ಆ ಆಯುಧಕ್ಕೆ ಯಾವ ಎಣ್ಣೆ ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಕ್ರಮವಾಗಿ ತಿಳಿದುಕೊಂಡವರು ವಿರಳ. ಕೈಗೆ ಸಿಕ್ಕ ಎಣ್ಣೆಯನ್ನು ಸವರಿ ಬೀರುವಿನಲ್ಲಿ ಇಡುವುದೇ ರೂಢಿ. ಈ ರೂಢಿಯಿಂದ ಬೆಲೆಬಾಳುವ ವಸ್ತು ಹಾಳಾಗುವುದಲ್ಲದೆ, ಅಗತ್ಯ ಬಿದ್ದ ಗಳಿಗೆಯಲ್ಲಿ ಅದು ಕೈಕೊಡುವ ಸಂಭವವೂ ಇದೆ. ಆದ್ದರಿಂದ ಈ ವಿಷಯವನ್ನು ವಿವರವಾಗಿ ಅರಿತುಕೊಳ್ಳುವುದು ಉಪಯುಕ್ತ.

ಸವಕಳಿಯ ಬಗೆ ಬೇರೆ

ಕಾರ್ಖಾನೆಯ ಯಂತ್ರ ದಿನಕ್ಕೆ ಎಂಟು ಗಂಟೆ ಓಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ. ಆದ್ದರಿಂದ ಯಂತ್ರಕ್ಕೆ ಎಣ್ಣೆಯನ್ನು ಆರಿಸುವಾಗ ಘರ್ಷಣೆಯನ್ನು ತಗ್ಗಿಸುವ ಗುಣಕ್ಕೆ ಮೊದಲ ಸ್ಥಾನ. ವರ್ತಕರ ಬಂದೂಕಿನ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಅದು ವರ್ಷದ 365 ದಿನವೂ ಸುಮ್ಮನೆ ನಿಂತಿರುತ್ತದೆ. ಎಷ್ಟೋ ಬಂದೂಕುಗಳಿಂದ ವರ್ಷಗಟ್ಟಲೆ ಒಂದು ತೋಟಾವೂ ಹಾರಿರುವುದಿಲ್ಲ. ಇಂತಹ ಆಯುಧ ಸವೆದು ಹಾಳಾಗುವುದು ಅಪರೂಪ. ಅದು ಹಾಳಾಗುವುದು ತುಕ್ಕಿನಿಂದ ಮತ್ತು ಒಳಭಾಗದಲ್ಲಿ ಎಣ್ಣೆ ಅಂಟಾಗಿ ಗಟ್ಟಿಯಾಗುವುದರಿಂದ. ಎಂದರೆ ಯಂತ್ರದ ಸವಕಳಿ ದುಡಿಮೆಯಿಂದ ಬಂದರೆ, ಬಂದೂಕಿನ ಸವಕಳಿ ನಿಷ್ಕ್ರಿಯತೆಯಿಂದ ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಮನಗಂಡರೆ ಆಯ್ಕೆಯ ಬಹುಪಾಲು ಮುಗಿದಂತೆ. ಬಂದೂಕಿನ ಎಣ್ಣೆಯಲ್ಲಿ ಮೊದಲು ನೋಡಬೇಕಾದುದು ತುಕ್ಕುನಿರೋಧಕ ಶಕ್ತಿ. ಎರಡನೆಯದು ದೀರ್ಘಕಾಲ ಅಂಟಾಗದೆ ಉಳಿಯುವ ಗುಣ. ಜಾರುವ ಗುಣಕ್ಕೆ ಮೂರನೆಯ ಸ್ಥಾನ.

ನಳಿಗೆಯ ಕಪ್ಪುನೀಲಿ ಬಣ್ಣವೇ ತುಕ್ಕನ್ನು ತಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ. ಆ ಬಣ್ಣ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಅತಿ ತೆಳುವಾದ ಪದರ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳಲು ಅದು ನೆರವಾಗುತ್ತದೆ. ಎಣ್ಣೆ ಒರೆಸಿಹೋದರೆ ಅದರ ರಕ್ಷಣೆ ಅತ್ಯಲ್ಪ.

ಬಯಲುಸೀಮೆಯ ಹವೆ ಮತ್ತು ಧೂಳು

ಕೊಡಗು, ಮಲೆನಾಡುಗಳ ಮಳೆ ಕೋಲಾರದಲ್ಲಿಲ್ಲ. ಹಾಗಾಗಿ ಒಣಹವೆಯ ಈ ಸೀಮೆಯಲ್ಲಿ ತುಕ್ಕಿನ ಭಯವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಇದು ಅರ್ಧಸತ್ಯ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಈ ಭಾಗದಲ್ಲಿ ಹಗಲು ರಾತ್ರಿಗಳ ಉಷ್ಣಾಂಶದ ಅಂತರ ದೊಡ್ಡದು. ರಾತ್ರಿ ತಣ್ಣಗಾದ ಉಕ್ಕಿನ ಮೇಲೆ ಬೆಳಗಿನ ತೇವದ ಗಾಳಿ ತಗುಲಿದಾಗ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಹವಾನಿಯಂತ್ರಿತ ಕೋಣೆಯಿಂದ ಬಂದೂಕನ್ನು ಹೊರಗೆ ತಂದಾಗಲೂ ಇದೇ ಆಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗಾಲದಲ್ಲಿ ಈ ತೊಂದರೆ ಹೆಚ್ಚು. ಇದರ ಜೊತೆಗೆ ಕೈಬೆವರಿನ ಉಪ್ಪು. ಕಾವಲುಗಾರ ದಿನವಿಡೀ ಹಿಡಿದ ಬಂದೂಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುವುದುಂಟು.

ಎರಡನೆಯ ಶತ್ರು ಧೂಳು. ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಸುತ್ತಲಿನ ಜೇಡಿಮಣ್ಣಿನ ಪುಡಿ, ಕಲ್ಲುಗಣಿ ಮತ್ತು ಜಲ್ಲಿ ಕ್ರಷರ್‌ಗಳ ಹತ್ತಿರದ ಕಲ್ಲಿನ ಪುಡಿ ಎಣ್ಣೆಯಲ್ಲಿ ಬೆರೆತರೆ ಅದು ಕೀಲೆಣ್ಣೆಯಾಗಿ ಉಳಿಯುವುದಿಲ್ಲ; ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟಿನಂತೆ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಧೂಳಿನ ಜಾಗದಲ್ಲಿ ಹೆಚ್ಚು ಎಣ್ಣೆ ಹೆಚ್ಚು ರಕ್ಷಣೆ ಎಂಬ ಲೆಕ್ಕ ತಪ್ಪುತ್ತದೆ. ಬೆರಳಿಗೆ ಜಿಡ್ಡು ತಗುಲಬೇಕು, ಎಣ್ಣೆ ಹರಿಯಬಾರದು ಎಂಬುದೇ ಅಳತೆ.

ಚುನಾವಣೆಯ 80 ದಿನಗಳು

ಚುನಾವಣೆ ಘೋಷಣೆಯಾದ ಮೇಲೆ ಜಿಲ್ಲಾಡಳಿತದ ಆದೇಶಕ್ಕೆ ಒಳಪಟ್ಟ ಪರವಾನಗಿದಾರರು ಆಯುಧವನ್ನು ಠೇವಣಿ ಇಡಬೇಕಾಗುತ್ತದೆ. 2023ರ ವಿಧಾನಸಭಾ ಚುನಾವಣೆ ಮಾರ್ಚ್ 29ರಂದು ಘೋಷಣೆಯಾಗಿ, ಮೇ 13ರಂದು ಮತ ಎಣಿಕೆ ನಡೆಯಿತು. ಇದು 45 ದಿನಗಳ ಅವಧಿ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು. ಕೋಲಾರದಲ್ಲಿ ಏಪ್ರಿಲ್ 26ರಂದೇ ಮತದಾನ ಮುಗಿದರೂ ಎಣಿಕೆ ನಡೆದದ್ದು ಜೂನ್ 4ರಂದು. ಅಂದರೆ 80 ದಿನ. ಈ ಅವಧಿಯಲ್ಲಿ ಬೇಸಿಗೆಯ ಬೆವರು, ಧೂಳು ಹಾಗೂ ಮುಂಗಾರುಪೂರ್ವ ಮಳೆ ಮೂರೂ ಬರುತ್ತವೆ. ಠೇವಣಿಯಲ್ಲಿರುವ ಆಯುಧವನ್ನು ಮಾಲೀಕ ಒರೆಸಲಾರ. ಆದ್ದರಿಂದ ಕೊಡುವ ಹಿಂದಿನ ದಿನದ ಪೋಷಣೆಯೇ ಅಷ್ಟೂ ದಿನಗಳ ರಕ್ಷಣೆ. ದಿನನಿತ್ಯದ ತೆಳು ಎಣ್ಣೆ ಇಷ್ಟು ಕಾಲಕ್ಕೆ ಸಾಲದು. ತುಸು ದಪ್ಪನೆಯ ತುಕ್ಕುನಿರೋಧಕ ಎಣ್ಣೆಯನ್ನು ಆಗ ಬಳಸಬೇಕು. ಚರ್ಮದ ಚೀಲದಲ್ಲಿ ಇಟ್ಟುಕೊಡುವುದು ತರವಲ್ಲ. ಹದ ಮಾಡಿದ ಚರ್ಮದಲ್ಲಿ ಉಳಿದಿರುವ ಲವಣ ಮತ್ತು ಆಮ್ಲಗಳು ತೇವವನ್ನು ಎಳೆದು ಉಕ್ಕಿಗೆ ಮುಟ್ಟಿಸುತ್ತವೆ. ಠೇವಣಿ ರಸೀದಿಯಲ್ಲಿ ಆಯುಧದ ಸಂಖ್ಯೆಯ ಜೊತೆಗೆ ಅದರ ಸ್ಥಿತಿಯನ್ನೂ ನಮೂದಿಸುವಂತೆ ಕೋರುವುದು ಮತ್ತು ಹಿಂಪಡೆದ ದಿನವೇ ಬಿಚ್ಚಿ ಒರೆಸುವುದು ಒಳ್ಳೆಯ ಅಭ್ಯಾಸ.

ಕೀಲೆಣ್ಣೆ, ಗ್ರೀಸ್ ಎಂದರೇನು?

ಕೀಲೆಣ್ಣೆಯಲ್ಲಿ ಎರಡು ಭಾಗಗಳಿವೆ: ಮೂಲ ಎಣ್ಣೆ ಮತ್ತು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಮೂಲ ಎಣ್ಣೆ ಖನಿಜ ತೈಲವಾಗಿರಬಹುದು ಅಥವಾ ಸಂಶ್ಲೇಷಿತವಾಗಿರಬಹುದು. ತುಕ್ಕು ತಡೆಯುವುದು, ಎಣ್ಣೆ ಕೆಡದಂತೆ ಕಾಯುವುದು ಇತ್ಯಾದಿ ಗುಣಗಳು ಬಹುತೇಕ ಬೆರಕೆಯ ರಾಸಾಯನಿಕಗಳಿಂದ ಬರುತ್ತವೆ. ಎಣ್ಣೆಯ ಸ್ನಿಗ್ಧತೆಯನ್ನು ಐ.ಎಸ್.ಓ. ವಿ.ಜಿ. ಸಂಖ್ಯೆಯಿಂದ ಗುರುತಿಸುತ್ತಾರೆ. 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಎಣ್ಣೆಯ ಸ್ನಿಗ್ಧತೆ ಸುಮಾರು ಎಷ್ಟು ಸೆಂಟಿಸ್ಟೋಕ್ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. 10, 15, 22 ತೆಳು ಎಣ್ಣೆಗಳು. ಹೈಡ್ರಾಲಿಕ್ ಯಂತ್ರಗಳಿಗೆ ಬಳಸುವ 46, 68 ಅದಕ್ಕಿಂತ ದಪ್ಪ. ಬಂದೂಕಿನ ಸಣ್ಣ ಸಂದುಗಳಿಗೆ ತೆಳು ಎಣ್ಣೆಯೇ ಯೋಗ್ಯ.

ಗ್ರೀಸ್ ಎಂಬುದು ಬೇರೊಂದು ಪದಾರ್ಥವಲ್ಲ. ಅದೇ ಎಣ್ಣೆಯನ್ನು ಲೋಹದ ಸಾಬೂನಿನಲ್ಲಿ ಹಿಡಿದಿಟ್ಟಾಗ ಗ್ರೀಸ್ ಆಗುತ್ತದೆ. ನೀರನ್ನು ಹೀರಿಕೊಂಡ ಸ್ಪಂಜಿನಂತೆ ಸಾಬೂನು ಎಣ್ಣೆಯನ್ನು ಹಿಡಿದು, ಒತ್ತಡ ಬಿದ್ದಾಗ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಸಾಬೂನು ಲಿಥಿಯಂ, ಕ್ಯಾಲ್ಸಿಯಂ ಅಥವಾ ಸೋಡಿಯಂ ಮೂಲದ್ದಾಗಿರಬಹುದು. ಸೋಡಿಯಂ ಗ್ರೀಸ್ ನೀರಿನಲ್ಲಿ ಕರಗಿಹೋಗುವುದರಿಂದ ಬಂದೂಕಿಗೆ ಸಲ್ಲದು. ಕ್ಯಾಲ್ಸಿಯಂ ಗ್ರೀಸ್ ನೀರನ್ನು ತಡೆಯುತ್ತದೆ, ಆದರೆ ಸಾಮಾನ್ಯ ಬಗೆಯದು ಹೆಚ್ಚು ಶಾಖವನ್ನು ತಾಳದು. ಲಿಥಿಯಂ ಗ್ರೀಸ್ ಎರಡಕ್ಕೂ ಒಗ್ಗುತ್ತದೆ. ಗ್ರೀಸಿನ ಗಟ್ಟಿತನವನ್ನು ಎನ್.ಎಲ್.ಜಿ.ಐ. ದರ್ಜೆಯಿಂದ ಅಳೆಯುತ್ತಾರೆ. ಬೇರಿಂಗುಗಳಿಗೆ ಸಾಮಾನ್ಯವಾಗಿ ಬಳಸುವುದು 2ನೆಯ ದರ್ಜೆ. ಬಂದೂಕಿನ ಕೀಲಿಗೆ 1 ಅಥವಾ 2ನೆಯ ದರ್ಜೆ ಸಾಕು.

ಕೈಗೆ ಸಿಗುವ ಎಣ್ಣೆಗಳು ಏಕೆ ಸಲ್ಲವು?

ಅಂಗಡಿ, ಕಾರ್ಖಾನೆಗಳ ಕಪಾಟಿನಲ್ಲಿರುವ ಒಂದೊಂದು ಎಣ್ಣೆಯೂ ತನ್ನ ಕೆಲಸಕ್ಕೆ ಒಳ್ಳೆಯದೇ. ಬಂದೂಕಿನ ಕೆಲಸ ಬೇರೆ ಎಂಬುದಷ್ಟೇ ಇಲ್ಲಿನ ಮಾತು.

ಕೊಬ್ಬರಿ ಎಣ್ಣೆ: ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಕೋಲಾರದ ಡಿಸೆಂಬರ್, ಜನವರಿ ತಿಂಗಳ ಮುಂಜಾವಿನಲ್ಲಿ ಟ್ರಿಗರ್ ಮತ್ತು ಫೈರಿಂಗ್ ಪಿನ್ನಿನ ಸಂದಿನಲ್ಲಿ ಅದು ಮೇಣದಂತೆ ಕೂರುತ್ತದೆ. ಕಾಲಕ್ರಮದಲ್ಲಿ ಆಮ್ಲವೂ ಹೆಚ್ಚುತ್ತದೆ.

ಹರಳೆಣ್ಣೆ: ಗಾಡಿಯ ಅಚ್ಚಿಗೆ ಹೆಸರಾದ ಕೀಲೆಣ್ಣೆ. ಆದರೆ ಗಾಳಿಗೆ ಒಡ್ಡಿ ಬಿಟ್ಟರೆ ಅಂಟಾಗುತ್ತದೆ. ಅಚ್ಚು ದಿನವೂ ತಿರುಗುತ್ತದೆ, ಬಂದೂಕು ತಿರುಗುವುದಿಲ್ಲ.

ಹೊಲಿಗೆ ಯಂತ್ರದ ಎಣ್ಣೆ: ತೆಳುವಾಗಿ, ಶುದ್ಧವಾಗಿ ಇರುತ್ತದೆ, ಚಲಿಸುವ ಭಾಗಗಳಿಗೆ ಅಡ್ಡಿಯಿಲ್ಲ. ಆದರೆ ತುಕ್ಕು ತಡೆಯುವ ಶಕ್ತಿ ಕಡಿಮೆ. ಬೇರೇನೂ ಸಿಗದಿದ್ದರೆ ಇದನ್ನು ಬಳಸಿ ಪದೇ ಪದೇ ಒರೆಸಬೇಕು.

ಗೇರ್ ಎಣ್ಣೆ: ಅಧಿಕ ಒತ್ತಡ ತಾಳಲೆಂದು ಇದಕ್ಕೆ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಇವುಗಳಲ್ಲಿ ಕೆಲವು ಹಿತ್ತಾಳೆ, ತಾಮ್ರಗಳನ್ನು ಕಪ್ಪಾಗಿಸುತ್ತವೆ. ತೋಟಾದ ತಳ ಹಿತ್ತಾಳೆಯದಾಗಿರುವುದುಂಟು.

ಲೇತ್ ಯಂತ್ರದ ಕಟಿಂಗ್ ಆಯಿಲ್: ನೀರಿನಲ್ಲಿ ಬೆರೆಯುವಂತೆ ತಯಾರಾದುದು. ಬಂದೂಕಿನ ಮೇಲೆ ನೀರನ್ನು ಕರೆದು ಕೂರಿಸಿದಂತಾಗುತ್ತದೆ.

ಬಳಸಿದ ಎಂಜಿನ್ ಎಣ್ಣೆ: ಮಸಿ, ಆಮ್ಲ, ತೇವ ಮೂರೂ ಇರುತ್ತವೆ. ಇದನ್ನು ಎಂದಿಗೂ ಮುಟ್ಟಿಸಬಾರದು.

ಸೀಮೆಎಣ್ಣೆ: ಹಳೆಯ ಜಿಡ್ಡನ್ನು ತೊಳೆಯಲು ಒಳ್ಳೆಯದು. ಆರಿದ ಮೇಲೆ ರಕ್ಷಣೆಯನ್ನೇನೂ ಉಳಿಸುವುದಿಲ್ಲ.

ತುಕ್ಕು ಸಡಿಲಿಸುವ ಸ್ಪ್ರೇ: ನೀರನ್ನು ಹೊರದೂಡಲು, ಸಿಕ್ಕಿಕೊಂಡ ತಿರುಪನ್ನು ಬಿಡಿಸಲು ಉಪಯುಕ್ತ. ಇದರಲ್ಲಿ ಹೆಚ್ಚಿನದು ಆವಿಯಾಗುವ ದ್ರಾವಕವಾದ್ದರಿಂದ ತಿಂಗಳುಗಟ್ಟಲೆಯ ರಕ್ಷಣೆಗೆ ಸಾಲದು. ಸಂದುಗಳಲ್ಲಿ ನುಗ್ಗುವ ಗುಣವಿರುವುದರಿಂದ ತೋಟಾದ ಮದ್ದಿಗೂ ಸೇರಿ ಅದು ಹಾರದೆ ಹೋಗುವ ಸಂಭವವಿದೆ.

ಕೊಳ್ಳುವುದೇನನ್ನು?

ಬಂದೂಕಿಗೆಂದೇ ತಯಾರಾಗುವ ಎಣ್ಣೆಗಳಲ್ಲಿ ಶುಚಿ, ಜಾರಿಕೆ, ರಕ್ಷಣೆ ಮೂರನ್ನೂ ಒಟ್ಟಿಗೆ ಕೊಡುವ ಬಗೆ ಪ್ರಸಿದ್ಧವಾದುದು. ಇದನ್ನು ಸಿ.ಎಲ್.ಪಿ. ಎನ್ನುತ್ತಾರೆ. ಅಮೆರಿಕದ ಸೇನೆ ಇದಕ್ಕೆ ಎಂ.ಐ.ಎಲ್.-ಪಿ.ಆರ್.ಎಫ್.-63460 ಎಂಬ ನಿರ್ದಿಷ್ಟತೆಯನ್ನು ಗೊತ್ತುಪಡಿಸಿದೆ. ಬಾಟಲಿಯ ಮೇಲೆ ಈ ಸಂಖ್ಯೆಯಿದ್ದರೆ ತಯಾರಕರು ಆ ಮಟ್ಟವನ್ನು ಒಪ್ಪಿಕೊಂಡಿದ್ದಾರೆ ಎಂದರ್ಥ. ಪರವಾನಗಿ ಪಡೆದ ಆಯುಧ ವ್ಯಾಪಾರಿಗಳಲ್ಲಿ ಬಂದೂಕಿನ ಎಣ್ಣೆ ದೊರೆಯುತ್ತದೆ. ಅದು ಸಿಗದಿದ್ದರೆ ತುಕ್ಕುನಿರೋಧಕ ಬೆರೆತ ತೆಳು ಖನಿಜ ತೈಲವನ್ನು ಕೊಳ್ಳಬಹುದು.

ವಾಹನಗಳ ಬಿಡಿಭಾಗ ತಯಾರಿಸುವ ಘಟಕದವರಿಗೆ ವಿ.ಸಿ.ಐ. ಕಾಗದ ಪರಿಚಿತ. ಉಕ್ಕಿನ ಭಾಗಗಳನ್ನು ರವಾನಿಸುವಾಗ ಸುತ್ತುವ ಈ ಕಾಗದದಿಂದ ಹೊರಡುವ ಆವಿ ಲೋಹದ ಮೇಲೆ ಕುಳಿತು ತುಕ್ಕನ್ನು ತಡೆಯುತ್ತದೆ. ದೀರ್ಘಕಾಲ ಇಡುವ ಬಂದೂಕಿನ ನಳಿಗೆಗೆ ಇದೇ ಕಾಗದವನ್ನು ಸುತ್ತಬಹುದು. ತೋಟಾಗಳನ್ನು ಮಾತ್ರ ಅದರೊಳಗೆ ಇಡಬಾರದು.

ಎಣ್ಣೆ ಎಲ್ಲಿ, ಗ್ರೀಸ್ ಎಲ್ಲಿ?

ಜಾರುವ ಜಾಗಕ್ಕೆ ಗ್ರೀಸ್, ತಿರುಗುವ ಸಣ್ಣ ಜಾಗಕ್ಕೆ ಎಣ್ಣೆ ಎಂಬುದು ಸ್ಥೂಲ ನಿಯಮ. ಮಡಚುವ ಒಂಟಿ ಅಥವಾ ಜೋಡುನಳಿಗೆ ಬಂದೂಕಿನಲ್ಲಿ ನಳಿಗೆ ಮಡಚುವ ಕೀಲಿಗೂ ಅದರ ಒತ್ತಡ ಬೀಳುವ ಮುಖಗಳಿಗೂ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಪಂಪ್ ಬಂದೂಕಿನ ಜಾರುವ ಸಲಾಕೆಗೆ ತೆಳುವಾಗಿ ಗ್ರೀಸ್ ಸವರಬಹುದು. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್‌ನಲ್ಲಿ ಸಿಲಿಂಡರ್ ತಿರುಗುವ ಅಚ್ಚಿಗೆ ಒಂದು ಹನಿ ಎಣ್ಣೆ ಹಾಕಬೇಕು. ತೋಟಾ ಕೂರುವ ರಂಧ್ರಗಳು ಒಣಗಿರಬೇಕು. ಟ್ರಿಗರ್ ಮತ್ತು ಫೈರಿಂಗ್ ಪಿನ್ ಇರುವ ಒಳಭಾಗಕ್ಕೆ ಗ್ರೀಸ್ ಹಾಕಕೂಡದು. ಅಲ್ಲಿ ಗ್ರೀಸ್ ಧೂಳನ್ನು ಹಿಡಿದು ಪಿನ್ನಿನ ಹೊಡೆತವನ್ನು ಮೆತ್ತಗಾಗಿಸುತ್ತದೆ.

ಮರದ ಹಿಡಿಗೆ ಖನಿಜ ತೈಲ ತಾಗಬಾರದು. ಎಣ್ಣೆ ಕುಡಿದ ಮರ ಮೆತ್ತಗಾಗಿ, ತಿರುಪುಗಳ ಬಳಿ ಸಡಿಲವಾಗುತ್ತದೆ. ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿದ ಬಂದೂಕಿನ ಎಣ್ಣೆ ನಿಧಾನವಾಗಿ ಕೆಳಗಿಳಿದು ಹಿಡಿಯನ್ನು ಸೇರುತ್ತದೆ. ಹೊಸದಾಗಿ ಎಣ್ಣೆ ಹಾಕಿದ ಬಂದೂಕನ್ನು ಒಂದು ದಿನ ನಳಿಗೆಯ ಬಾಯಿ ಕೆಳಗಾಗುವಂತೆ, ಬಟ್ಟೆಯ ಮೇಲೆ ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಇಳಿದುಹೋಗುತ್ತದೆ.

ಶುಚಿಗೊಳಿಸುವ ಕ್ರಮ

ಮೊದಲ ಕೆಲಸ ಬಂದೂಕು ಖಾಲಿಯಾಗಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸುವುದು. ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಡಬೇಕು. ಆಮೇಲೆ ಸಲಾಕೆಗೆ ಫ್ಲಾನೆಲ್ ಬಟ್ಟೆ ಸುತ್ತಿ, ಸಾಧ್ಯವಿದ್ದಲ್ಲಿ ಹಿಂಬದಿಯಿಂದ, ನಳಿಗೆಯನ್ನು ಒರೆಸಬೇಕು. ಬಟ್ಟೆ ಬಿಳಿಯಾಗಿ ಬರುವವರೆಗೂ ಒರೆಸಿ, ಕೊನೆಯ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒಮ್ಮೆ ಎಳೆಯಬೇಕು.

ನಾಡಕೋವಿಗೆ ಬಳಸುವ ಕರಿಮದ್ದಿನ ಶೇಷವೂ ಕೆಲವು ಹಳೆಯ ತೋಟಾಗಳ ಮದ್ದಿನ ಶೇಷವೂ ಲವಣಗಳೇ ಆಗಿರುತ್ತವೆ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ. ಅದರ ಮೇಲೆ ಎಷ್ಟು ಎಣ್ಣೆ ಸವರಿದರೂ ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇರುತ್ತದೆ. ಇಂತಹ ಕೋವಿಯನ್ನು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಅನಂತರವೇ ಎಣ್ಣೆ ಹಾಕಬೇಕು.

ಕಾವಲಿಗೆ ತೋಟಾ ತುಂಬಿಸುವ ಮುನ್ನ ನಳಿಗೆಯನ್ನೂ ತೋಟಾ ಕೂರುವ ಗೂಡನ್ನೂ ಒಣಬಟ್ಟೆಯಿಂದ ಒರೆಸುವುದನ್ನು ಮರೆಯಬಾರದು. ನಳಿಗೆಯಲ್ಲಿ ನಿಂತ ಎಣ್ಣೆಯೋ ಗ್ರೀಸೋ ಹಾರುವ ಗುಂಡಿಗೆ ತಡೆಯಾಗಿ ಒತ್ತಡವನ್ನು ಏರಿಸುತ್ತದೆ. ಎಣ್ಣೆಯಾದ ಗೂಡಿನಲ್ಲಿ ತೋಟಾ ಹಿಂದಕ್ಕೆ ಒದೆಯುವ ಬಲ ಹೆಚ್ಚುತ್ತದೆ. ಇದು ಹಿಡಿದವನ ಪ್ರಾಣಕ್ಕೆ ಸಂಬಂಧಿಸಿದ ಮಾತು.

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರಮೈಯನ್ನು ಒರೆಸುವುದು ಸಾಕಾಗುತ್ತದೆ. ಕಾವಲುಗಾರ ದಿನವೂ ಹಿಡಿಯುವ ಬಂದೂಕನ್ನು ಪಾಳಿ ಮುಗಿದಾಗ ಒರೆಸಿ ಇಡತಕ್ಕದ್ದು. ಆಯುಧಪೂಜೆಯಂದು ಹಚ್ಚಿದ ಗಂಧ, ಅರಿಶಿನ, ಕುಂಕುಮಗಳನ್ನು ಹಾಗೆಯೇ ಉಳಿಸುವುದು ಹಲವೆಡೆ ಪದ್ಧತಿ. ನೀರಿನಲ್ಲಿ ಕಲಸಿದ ಗಂಧದ ಬೊಟ್ಟಿನಡಿಯಲ್ಲಿ ಕೆಲವೇ ದಿನಗಳಲ್ಲಿ ತುಕ್ಕಿನ ಗುಳಿ ಬೀಳಬಹುದು. ಬೊಟ್ಟನ್ನು ಮರದ ಹಿಡಿಗೆ ಇಟ್ಟು, ವಿಜಯದಶಮಿಯಂದು ನಳಿಗೆಯನ್ನು ಒರೆಸಿದರೆ ಪೂಜೆಗೂ ಲೋಪವಿಲ್ಲ, ಉಕ್ಕಿಗೂ ಹಾನಿಯಿಲ್ಲ.

ಕಾನೂನಿನ ಗೆರೆ

ಪರವಾನಗಿದಾರ ತನ್ನ ಆಯುಧವನ್ನು ಒರೆಸಿ ಎಣ್ಣೆ ಹಾಕುವುದು ಪೋಷಣೆ. ಮುರಿದ ಸ್ಪ್ರಿಂಗ್ ಬದಲಿಸುವುದು, ಸವೆದ ಪಿನ್ನನ್ನು ಹೊಸದಾಗಿ ಕಡೆದು ಕೂರಿಸುವುದು ದುರಸ್ತಿ. 1959ರ ಆಯುಧ ಅಧಿನಿಯಮದ 5ನೆಯ ಪ್ರಕರಣದಂತೆ ಬಂದೂಕಿನ ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ ಕನಿಷ್ಠ 7 ವರ್ಷಗಳ ಸೆರೆವಾಸವಿದ್ದು, ಅದು ಆಜೀವ ಶಿಕ್ಷೆಯವರೆಗೂ ಹೋಗಬಹುದು. ಲೇತ್ ಇಟ್ಟುಕೊಂಡ ಸಣ್ಣ ಉದ್ದಿಮೆದಾರರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಪರಿಚಿತರು ‘ಒಂದು ಪಿನ್ನು ಮಾಡಿಕೊಡಿ’ ಎಂದು ಕೋವಿ ತಂದರೆ ದಾಕ್ಷಿಣ್ಯಕ್ಕೆ ಒಳಗಾಗದೆ, ಪರವಾನಗಿ ಪಡೆದ ದುರಸ್ತಿಗಾರರಲ್ಲಿಗೆ ಕಳುಹಿಸುವುದೇ ಕ್ಷೇಮ.

ಎರಡನೆಯ ಅಂಶ ಆಯುಧದ ಸಂಖ್ಯೆಗೆ ಸಂಬಂಧಿಸಿದುದು. ಆಯುಧದ ಮೇಲಿನ ಗುರುತಿನ ಸಂಖ್ಯೆಯನ್ನು ಅಳಿಸುವುದನ್ನು 8ನೆಯ ಪ್ರಕರಣ ನಿಷೇಧಿಸುತ್ತದೆ. ತುಕ್ಕು ತೆಗೆಯುವ ಆತುರದಲ್ಲಿ ಎಮರಿ ಕಾಗದದಿಂದ ಸಂಖ್ಯೆಯ ಜಾಗವನ್ನು ಉಜ್ಜಿದರೆ, ದುರುದ್ದೇಶವಿಲ್ಲದಿದ್ದರೂ ವಿವರಣೆ ಕೊಡುವ ಹೊಣೆ ಮಾಲೀಕನ ಮೇಲೆ ಬೀಳಬಹುದು. ಅಲ್ಲಿ ಎಣ್ಣೆ ಮತ್ತು ಮೆತ್ತನೆಯ ಬಟ್ಟೆಯನ್ನಷ್ಟೇ ಬಳಸಬೇಕು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ನವೀಕರಣದ ಹೊತ್ತಿಗಷ್ಟೇ ಆಯುಧವನ್ನು ಹೊರತೆಗೆಯುವವರಿಗೆ ಈ ಅನುಕೂಲವೇ ತೊಡಕಾಗಿದೆ. 5 ವರ್ಷ ಮುಟ್ಟದ ಬಂದೂಕಿನ ಸಂಖ್ಯೆಯನ್ನು ತುಕ್ಕೇ ತಿಂದಿರಬಹುದು.

ಲೆಕ್ಕಪತ್ರದಲ್ಲಿ

ಸಂಸ್ಥೆಯ ರಕ್ಷಣೆಗೆ ಸಂಸ್ಥೆಯೇ ಹೊಂದಿರುವ ಆಯುಧದ ಎಣ್ಣೆ, ಗ್ರೀಸ್, ಬಟ್ಟೆಗಳ ವೆಚ್ಚವನ್ನು ನಿರ್ವಹಣಾ ವೆಚ್ಚವಾಗಿ ತೋರಿಸಬಹುದು. ಮಾಲೀಕರ ಸ್ವಂತ ಬಂದೂಕಿನ ವೆಚ್ಚವನ್ನು ಅಂಗಡಿಯ ಖಾತೆಗೆ ಹಾಕುವುದು ಸರಿಯಲ್ಲ. ಸ್ವಂತ ಉಪಯೋಗದ ವಸ್ತುಗಳಿಗೆ ಜಿ.ಎಸ್.ಟಿ. ಕಾಯಿದೆಯ 17(5) ಪ್ರಕರಣದಂತೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಮೊತ್ತ ಚಿಕ್ಕದಾದರೂ ಕ್ರಮ ಕ್ರಮವೇ.

ಇದಕ್ಕಿಂತ ಮುಖ್ಯವಾದುದು ಒಂದು ಸಣ್ಣ ಪುಸ್ತಕ. ದಾಸ್ತಾನು ಪುಸ್ತಕದಂತೆಯೇ ಬಂದೂಕಿಗೂ ಒಂದನ್ನು ಇಟ್ಟು, ಒರೆಸಿದ ದಿನಾಂಕ, ಒರೆಸಿದವರ ಹೆಸರು, ಕಂಡ ದೋಷ, ಬಳಸಿದ ಎಣ್ಣೆ, ತೋಟಾಗಳ ಎಣಿಕೆ ಇವನ್ನು ಬರೆದಿಟ್ಟರೆ ನವೀಕರಣ, ಠೇವಣಿ, ತಪಾಸಣೆಗಳ ಸಂದರ್ಭದಲ್ಲಿ ಅದು ನೆರವಿಗೆ ಬರುತ್ತದೆ. ಕಾವಲುಗಾರ ಬದಲಾದಾಗ ಹೊಸಬನಿಗೆ ಒಪ್ಪಿಸುವುದೂ ಸುಲಭವಾಗುತ್ತದೆ.

ಒಂದು ಪುಟ್ಟ ಬಾಟಲಿ ಬಂದೂಕಿನ ಎಣ್ಣೆ ಒಂದು ಆಯುಧಕ್ಕೆ ವರ್ಷಗಟ್ಟಲೆ ಬರುತ್ತದೆ. ಗ್ರೀಸ್ ಅದಕ್ಕಿಂತಲೂ ಕಡಿಮೆ ಸಾಕು. ಬೇಕಾಗಿರುವುದು ಹೆಚ್ಚು ಹಣವಲ್ಲ. ತಿಂಗಳಿಗೆ ಹತ್ತು ನಿಮಿಷದ ಗಮನ. ಬಂದೂಕಿನ ಅಗತ್ಯ ಎಂದಿಗೂ ಬಾರದಿರಲಿ ಎಂಬುದೇ ಎಲ್ಲರ ಹಾರೈಕೆ. ಆದರೂ ರಕ್ಷಣೆಗೆಂದು ಇಟ್ಟ ಆಯುಧ ರಕ್ಷಣೆಗೆ ಒದಗುವ ಸ್ಥಿತಿಯಲ್ಲಿರಬೇಕು ಮತ್ತು ಹಿಡಿದವನಿಗೇ ಅಪಾಯ ತರದಂತಿರಬೇಕು. ಮುಂದಿನ ಬಿಡುವಿನ ದಿನ ಬೀರು ತೆರೆದು, ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯೊಳಗೆ ಒಂದು ಬಿಳಿ ಬಟ್ಟೆಯನ್ನು ಎಳೆದರೆ ಅದರ ಬಣ್ಣವೇ ಈವರೆಗಿನ ಪೋಷಣೆ ಹೇಗಿತ್ತೆಂಬುದನ್ನು ತಿಳಿಸುತ್ತದೆ.